ಬೆರಳಚ್ಚು ಕೊಟ್ಟ ಮಗ

ಕಳೆದ ಮಾಘಮಾಸದಲ್ಲಿ ಒಂದು ದಿನ, ಬೆಳಗಿನ ಪೂಜೆ ಮುಗಿಸಿ ನಾವು ಓದಲು ಕುಳಿತಿದ್ದ ಹೊತ್ತಿನಲ್ಲಿ ಬಹುಕಾಲದ ಪರಿಚಯದ ಹಿರಿಯರೊಬ್ಬರು ಬಂದರು. ಒಕ್ಕಲುತನದ ಮನೆತನ, ಮಾತು ಮಿತ. ಅವರ ಹಿರಿಯ ಮಗ ಅಮೇರಿಕೆಯ ಟೆಕ್ಸಾಸ್ ರಾಜ್ಯದಲ್ಲಿ ಸಂಸಾರ ಹೂಡಿ ಹದಿನೈದು ವರ್ಷಗಳಾಗಿವೆ. ಕುಶಲ ಪ್ರಶ್ನೆಗಳು ಮುಗಿದರೂ ಅವರು ಏಳಲಿಲ್ಲ. ಕೊನೆಗೆ ಶಲ್ಯದ ಅಂಚನ್ನು ತಿರುವುತ್ತ, "ಗುರುಗಳೇ, ಹುಡುಗ ಅಲ್ಲಿ ಸರಕಾರಕ್ಕ ಹತ್ತೂ ಬೆರಳಿನ ಗುರುತು ಕೊಟ್ಟಾನಂತ್ರೀ. ಫೋಟೋನೂ ತಗೊಂಡಾರಂತ. ಅಂಥಾದ್ದೇನು ಮಾಡಿದನೋ ಏನೋ, ಇವನವ್ವ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ" ಎಂದರು.

ಅವರ ಕಳವಳ ನಮಗೆ ಅರ್ಥವಾಗದಿರಲಿಲ್ಲ. ಒಂದು ಹೆಬ್ಬೆಟ್ಟನ್ನು ಒತ್ತಿದವನು ಓದು ಬಾರದವನು, ಹತ್ತೂ ಬೆರಳನ್ನು ಒತ್ತಿದವನು ಠಾಣೆಗೆ ಹೋದವನು ಎಂಬ ಎಣಿಕೆ ನಮ್ಮ ಹಳ್ಳಿಗಳಲ್ಲಿ ಹಳೆಯದು. "ಯಜಮಾನರೇ, ಆಧಾರ್ ಮಾಡಿಸುವಾಗ ನೀವೂ ಹತ್ತು ಬೆರಳು ಒತ್ತಿ ಬಂದಿದ್ದೀರಲ್ಲವೇ?" ಎಂದು ನಾವು ಕೇಳಿದಾಗ ಅವರ ಮುಖ ಸ್ವಲ್ಪ ತಿಳಿಯಾಯಿತು. ಆದರೂ ನಿಜಸಂಗತಿಯನ್ನು ತಿಳಿಯದೆ ಸಮಾಧಾನ ಹೇಳುವುದು ಸರಿಯಲ್ಲವೆಂದು, ಅಲ್ಲಿಯ ವೇಳೆಯನ್ನು ನೋಡಿಕೊಂಡು ಮಗನಿಗೇ ದೂರವಾಣಿ ಮಾಡಿಸಿದೆವು.

ಅವನು ನಕ್ಕನು. "ಗುರುಗಳೇ, ಅದೊಂದು ಅರ್ಜಿ ಅಷ್ಟೇರೀ. ಬಂದೂಕಿಗೆ ಸೈಲೆನ್ಸರ್ ಕೊಂಡೀನಿ, ಅದಕ್ಕ ಕೇಂದ್ರ ಸರಕಾರದ ನೋಂದಣಿ ಬೇಕು. ಎಲ್ಲಾ ಕಂಪ್ಯೂಟರಿನೊಳಗ, ಅರ್ಧ ತಾಸಿನ ಕೆಲಸ."

ಬಂದೂಕಿನ ಹವ್ಯಾಸ ಬೇಕೇ ಬೇಡವೇ ಎಂಬುದರ ಬಗೆಗೆ ನಮ್ಮ ಅಭಿಪ್ರಾಯವನ್ನು ಅವನಿಗೆ ಆಗಲೇ ಹೇಳಿದೆವು, ಅವನು ವಿನಯದಿಂದ ಕೇಳಿದನು, ಆ ಮಾತು ಅಲ್ಲಿಗೇ ಇರಲಿ. ನಮ್ಮ ಮನಸ್ಸಿನಲ್ಲಿ ನಿಂತದ್ದು ಅವನ 'ಅರ್ಧ ತಾಸಿನ ಕೆಲಸ' ಎಂಬ ಮಾತು. ಮುಂದಿನ ಕೆಲವು ವಾರ ನಾವು ಆ ನಾಡಿನ ಈ ಕಾಯಿದೆಯನ್ನು ಓದಿದೆವು. ಅಲ್ಲಿರುವ ಪರಿಚಿತರನ್ನು ವಿಚಾರಿಸಿದೆವು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಆ ನಾಡಿನಲ್ಲಿದ್ದಾರೆ. ಅರ್ಜಿ ಕಳಿಸುವುದು ಅರ್ಧ ತಾಸಿನ ಕೆಲಸವಾಗಿರಬಹುದು, ಆದರೆ ಅರ್ಜಿಯಲ್ಲಿರುವ ಪ್ರಶ್ನೆಗಳು ಒಬ್ಬನವಲ್ಲ, ಇಡೀ ಮನೆಯವು ಎಂಬುದು ನಮಗೆ ಕಂಡುಬಂದ ಸಂಗತಿ. ಆದುದರಿಂದ ಈ ತಿಂಗಳು ಇದನ್ನೇ ಬರೆಯುತ್ತಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಅಮೇರಿಕೆಯಲ್ಲಿ ಪ್ರತಿಯೊಂದು ಬಂದೂಕೂ ಕೇಂದ್ರ ಸರಕಾರದಲ್ಲಿ ನೋಂದಣಿಯಾಗಿರುತ್ತದೆ ಎಂದು ಇಲ್ಲಿ ಅನೇಕರು ಭಾವಿಸಿದ್ದಾರೆ. ಹಾಗಿಲ್ಲ. ಸಾಮಾನ್ಯ ರೈಫಲ್, ಪಿಸ್ತೂಲುಗಳನ್ನು ಅಂಗಡಿಯಲ್ಲಿ ಕೊಳ್ಳುವವನು 4473 ಎಂಬ ನಮೂನೆಯನ್ನು ತುಂಬುತ್ತಾನೆ, ಅಂಗಡಿಯವರು ಅವನ ಪೂರ್ವಾಪರವನ್ನು ವಿಚಾರಿಸುತ್ತಾರೆ, ಆ ಕಾಗದ ಅಂಗಡಿಯಲ್ಲೇ ಉಳಿಯುತ್ತದೆ. ಅಂಥ ಬಂದೂಕುಗಳ ಕೇಂದ್ರೀಯ ಪಟ್ಟಿಯನ್ನು ಮಾಡಕೂಡದೆಂದು 1986ರ ಕಾಯಿದೆಯೇ ನಿರ್ಬಂಧಿಸಿದೆ. ನಮ್ಮಲ್ಲಿ ಬೆಳೆ ಕಾಯುವ ಒಂಟಿ ನಳಿಗೆಯ ಬಂದೂಕಿಗೂ ಪರವಾನಗಿ ಬೇಕು, ಚುನಾವಣೆ ಬಂದರೆ ಅದನ್ನು ಠಾಣೆಯಲ್ಲಿ ಇಟ್ಟುಬರಬೇಕಾಗುತ್ತದೆ. ಅಲ್ಲಿಯ ಪದ್ಧತಿಯೇ ಬೇರೆ.

ಕೇಂದ್ರ ನೋಂದಣಿ ಬೇಕಾಗುವುದು ಕೆಲವೇ ಬಗೆಯ ವಸ್ತುಗಳಿಗೆ. ಮೆಷಿನ್ ಗನ್ನು, 16 ಅಂಗುಲಕ್ಕಿಂತ ಕಿರಿದಾದ ನಳಿಗೆಯ ರೈಫಲ್, 18 ಅಂಗುಲಕ್ಕಿಂತ ಕಿರಿದಾದ ನಳಿಗೆಯ ಷಾಟ್‌ಗನ್, ಸೈಲೆನ್ಸರು, ಕೈಬಾಂಬಿನಂಥ ವಿನಾಶಕ ಸಾಧನಗಳು, ಇವಲ್ಲದೆ 'ಇತರ ಆಯುಧಗಳು' ಎಂಬ ಒಂದು ಸಂಕೀರ್ಣ ವರ್ಗ. ಇವೆಲ್ಲವೂ 1934ರ ರಾಷ್ಟ್ರೀಯ ಬಂದೂಕು ಕಾಯಿದೆಗೆ ಸೇರಿದವು.

ಆ ಕಾಯಿದೆಯ ಹುಟ್ಟು ಕುತೂಹಲಕರವಾಗಿದೆ. ಪಾನನಿಷೇಧದ ಕಾಲದಲ್ಲಿ ಅಲ್ಲಿಯ ನಗರಗಳಲ್ಲಿ ಪಾತಕಿಗಳ ತಂಡಗಳು ಮೆಷಿನ್ ಗನ್ನುಗಳಿಂದ ಬೀದಿಯಲ್ಲೇ ಕಾದಾಡಿದವು. 1929ರ ಫೆಬ್ರವರಿ 14ರಂದು ಶಿಕಾಗೋದಲ್ಲಿ ಏಳು ಮಂದಿಯನ್ನು ಸಾಲಾಗಿ ನಿಲ್ಲಿಸಿ ಕೊಂದ ಪ್ರಸಂಗ ಲೋಕಪ್ರಸಿದ್ಧ. 1934ರ ಜೂನ್ 26ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸಹಿಯೊಂದಿಗೆ ಮಸೂದೆ ಕಾಯಿದೆಯಾಯಿತು. ಆಯುಧವನ್ನು ನೇರವಾಗಿ ನಿಷೇಧಿಸುವ ಬದಲು ಅದು ತೆರಿಗೆಯ ಹಾದಿ ಹಿಡಿಯಿತು. ಇಂಥ ಒಂದು ವಸ್ತು ಕೈಯಿಂದ ಕೈಗೆ ಹೋಗಬೇಕಾದರೆ 200 ಡಾಲರ್ ತೆರಿಗೆ, ಜೊತೆಗೆ ನೋಂದಣಿ. ಅಂದಿನ 200 ಡಾಲರ್ ಸಾಮಾನ್ಯನು ಕೊಡಬಲ್ಲ ಮೊತ್ತವಾಗಿರಲಿಲ್ಲ. ಕೊಳ್ಳದಂತೆ ತಡೆಯುವುದೇ ಅದರ ಉದ್ದೇಶ. ಮೂಲ ಮಸೂದೆಯಲ್ಲಿ ಪಿಸ್ತೂಲುಗಳೂ ಇದ್ದವು. ವಿರೋಧ ಬಂದು ಅವನ್ನು ಬಿಟ್ಟರು, ಆದರೆ ಪಿಸ್ತೂಲಿನಂತೆ ಮರೆಮಾಡಬಹುದೆಂದು ಸೇರಿಸಿದ್ದ ಕಿರುನಳಿಗೆಯ ಬಂದೂಕುಗಳು ಪಟ್ಟಿಯಲ್ಲೇ ಉಳಿದವು. ಅರ್ಧ ಕಿತ್ತ ಬೇಲಿಯ ಗೂಟಗಳು ಹೊಲದಲ್ಲಿ ನಿಂತಂತೆ!

ಸೈಲೆನ್ಸರಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮೆಷಿನ್ ಗನ್ನನ್ನು ಕಂಡುಹಿಡಿದವರು ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್, ಬಂದೂಕಿನ ಸೈಲೆನ್ಸರಿಗೆ 1909ರಲ್ಲಿ ಹಕ್ಕುಪತ್ರ ಪಡೆದವರು ಅವರ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್. ತಂದೆ ಎಬ್ಬಿಸಿದ ಸದ್ದನ್ನು ಮಗ ತಗ್ಗಿಸಿದನು. ಹೆಸರು ಕೇಳಿ ಸದ್ದೇ ಆಗುವುದಿಲ್ಲವೆಂದು ಭಾವಿಸಬಾರದು. ಸಿನಿಮಾದವರು ತೋರಿಸುವುದು ಸುಳ್ಳು. ಸುಮಾರು 20ರಿಂದ 35 ಡೆಸಿಬೆಲ್‌ನಷ್ಟು ತಗ್ಗುತ್ತದೆ, ಅಷ್ಟೆ. ನಮ್ಮ ಹಿರಿಯರ ಮಗ ಅದನ್ನು ಕೊಂಡದ್ದೂ ಕಿವಿಯ ರಕ್ಷಣೆಗೆಂದೇ.

ಈ ಕಾಯಿದೆಯ ಇತಿಹಾಸದಲ್ಲಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಘಟನೆ 1968ರದು. ಹೇನ್ಸ್ ಎಂಬುವನ ಮೇಲೆ ನೋಂದಣಿಯಿಲ್ಲದ ಬಂದೂಕನ್ನು ಇಟ್ಟುಕೊಂಡ ಆರೋಪವಿತ್ತು. ಅವನ ವಾದ ಹೀಗಿತ್ತು: ನೋಂದಣಿಗೆ ಹೋದರೆ ನಾನು ಅಪರಾಧಿಯೆಂದು ನನ್ನ ಕೈಯಿಂದಲೇ ಬರೆದುಕೊಟ್ಟಂತಾಗುತ್ತದೆ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಯಾರನ್ನೂ ಬಲವಂತಪಡಿಸಕೂಡದೆಂದು ಸಂವಿಧಾನ ಹೇಳುತ್ತದೆ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಮನ್ನಿಸಿತು. ಶಾಸನಸಭೆ ಅದೇ ವರ್ಷ ಕಾಯಿದೆಯನ್ನು ತಿದ್ದಿತು. ಅರ್ಜಿಯಲ್ಲಿ ಬರೆದುದನ್ನು ಹಿಂದಿನ ಅಪರಾಧಕ್ಕೆ ಸಾಕ್ಷ್ಯವಾಗಿ ಬಳಸಕೂಡದೆಂದಾಯಿತು. 1968ರ ನವೆಂಬರ್ ತಿಂಗಳಲ್ಲಿ ಮನೆಯಲ್ಲಿದ್ದ ಹಳೆಯ ವಸ್ತುಗಳನ್ನು ನಿರ್ಭಯವಾಗಿ ನೋಂದಾಯಿಸಲು ಒಂದು ಅವಕಾಶವನ್ನೂ ಕೊಟ್ಟರು. ಆ ಬಾಗಿಲು ಮುಚ್ಚಿದ ಮೇಲೆ, ಇಟ್ಟುಕೊಂಡವನು ತಾನಾಗಿ ಹೋಗಿ ನೋಂದಾಯಿಸುವ ದಾರಿಯೇ ಇಲ್ಲ. ತಯಾರಿಸುವವನು ತಯಾರಿಸುವ ಮೊದಲು, ಕೊಡುವವನು ಕೊಡುವ ಮೊದಲು ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಈ 'ಮೊದಲು' ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಅರ್ಜಿಯ ಕ್ರಮ. ಇದನ್ನು ನೋಡುವುದು ಎ.ಟಿ.ಎಫ್. ಎಂಬ ಕಾರ್ಯಾಲಯ, ಮದ್ಯ, ತಂಬಾಕು, ಬಂದೂಕು, ಸ್ಫೋಟಕ ಇವು ಅದರ ವ್ಯಾಪ್ತಿ. ಬಹುಕಾಲ ಖಜಾನೆ ಇಲಾಖೆಯಡಿ ಇದ್ದು 2003ರಲ್ಲಿ ನ್ಯಾಯ ಇಲಾಖೆಗೆ ಸೇರಿತು. ಈ ನೋಂದಣಿಯ ವಿಭಾಗ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್ ಎಂಬ ಊರಿನಲ್ಲಿದೆ. ಹಿಂದೆ ಕಾಗದದ ಅರ್ಜಿಯನ್ನು ಅಂಚೆಯಲ್ಲಿ ಕಳಿಸಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದವರೆಗೆ ಕಾಯಬೇಕಾಗಿತ್ತು. 2013ರಲ್ಲಿ ಇ-ಫಾರ್ಮ್ಸ್ ಎಂಬ ಗಣಕ ವ್ಯವಸ್ಥೆ ಬಂತು. ಆದರೆ ಕೊಳ್ಳುವವರು ಬಳಸುವ 4ನೆಯ ನಮೂನೆ ಹೊರೆ ತಾಳಲಾರದೆ ಮರುವರ್ಷವೇ ನಿಂತು, 2021ರ ಡಿಸೆಂಬರಿನಲ್ಲಿ ಪುನಃ ಆರಂಭವಾಯಿತು. 2024ರ ಹೊತ್ತಿಗೆ ಕೆಲವರಿಗೆ ಕೆಲವೇ ದಿನಗಳಲ್ಲಿ ಒಪ್ಪಿಗೆ ಬರತೊಡಗಿತು.

ಕೊಳ್ಳುವವನು ಇ-ಫಾರ್ಮ್ಸ್‌ನಲ್ಲಿ ತನ್ನ ಖಾತೆ ತೆರೆಯಬೇಕು. ಅರ್ಜಿಯನ್ನು ಮೊದಲು ತುಂಬುವವನು ಅಂಗಡಿಯವನು, ಏಕೆಂದರೆ ಕಾಯಿದೆಯ ದೃಷ್ಟಿಯಲ್ಲಿ ಅರ್ಜಿದಾರ ಕೊಡುವವನೇ. ವಸ್ತುವಿನ ತಯಾರಕ, ಮಾದರಿ, ಕ್ರಮಾಂಕ ಇವನ್ನು ಅವನು ನಮೂದಿಸುತ್ತಾನೆ. ಕೊಳ್ಳುವವನು ತನ್ನ ಹೆಸರು, ವಿಳಾಸ, ಜನ್ಮವಿವರ ಬರೆದು, ಎರಡು ಅಂಗುಲ ಚೌಕದ ಭಾವಚಿತ್ರವನ್ನೂ ಬೆರಳಚ್ಚನ್ನೂ ಲಗತ್ತಿಸುತ್ತಾನೆ. ಬೆರಳಚ್ಚನ್ನು ಗಣಕದ ಕಡತವಾಗಿ ಕಳಿಸಬಹುದು, ಇಲ್ಲವೇ ಎರಡು ಮುದ್ರಿತ ಕಾರ್ಡುಗಳಲ್ಲಿ ಒತ್ತಿ ಅಂಚೆಯಲ್ಲಿ ಕಳಿಸಬಹುದು. 2016ರವರೆಗೆ ಊರಿನ ಪೊಲೀಸ್ ಮುಖ್ಯಸ್ಥನ ಸಹಿ ಬೇಕಿತ್ತು. ಆ ವರ್ಷದ ನಿಯಮದಿಂದ ಸಹಿ ಹೋಗಿ, ಅರ್ಜಿಯ ಪ್ರತಿಯನ್ನು ಅವನಿಗೆ ಕಳಿಸುವುದಷ್ಟೇ ಉಳಿಯಿತು. ಒಪ್ಪಿಗೆ ಬರುವವರೆಗೆ ವಸ್ತು ಅಂಗಡಿಯಲ್ಲೇ ಇರತಕ್ಕದ್ದು. ಹಣ ಕೊಟ್ಟಾಗಿದೆ ಎಂದು ಒಂದು ದಿನದ ಮಟ್ಟಿಗೂ ಮನೆಗೆ ತರುವಂತಿಲ್ಲ.

ತೆರಿಗೆಯ ಸಂಗತಿ ಮಾತ್ರ ಈಚೆಗೆ ಬದಲಾಗಿದೆ. ತೊಂಬತ್ತು ವರ್ಷಕ್ಕೂ ಮೇಲ್ಪಟ್ಟು ಅಲುಗದೆ ಇದ್ದ ಆ 200 ಡಾಲರ್, 2025ರ ಜುಲೈ 4ರಂದು ಸಹಿಯಾದ ಕಾನೂನಿನಂತೆ 2026ರ ಜನವರಿ 1ರಿಂದ ಸೈಲೆನ್ಸರಿಗೂ ಕಿರುನಳಿಗೆಯ ಬಂದೂಕುಗಳಿಗೂ ಸೊನ್ನೆಯಾಯಿತು; ಮೆಷಿನ್ ಗನ್ನಿಗೂ ವಿನಾಶಕ ಸಾಧನಗಳಿಗೂ ಹಾಗೆಯೇ ಉಳಿದಿದೆ. ತೆರಿಗೆಯೇ ಇಲ್ಲದ ಮೇಲೆ ತೆರಿಗೆಯ ನೋಂದಣಿ ಏಕೆಂದು 2025ರಲ್ಲೇ ನ್ಯಾಯಾಲಯಕ್ಕೆ ಹೋದವರಿದ್ದಾರೆ. ಆದರೆ ಆ ಕಾನೂನು ಸೊನ್ನೆ ಮಾಡಿದ್ದು ತೆರಿಗೆಯನ್ನು ಮಾತ್ರ. ಅರ್ಜಿಯನ್ನೂ ಬೆರಳಚ್ಚನ್ನೂ ಅದು ತೆಗೆದುಹಾಕಲಿಲ್ಲ. ನಮ್ಮ ಹುಡುಗ ಜನವರಿಯಲ್ಲಿ ಅವಸರಪಟ್ಟಿದ್ದಕ್ಕೆ ಈ ಸೊನ್ನೆಯೇ ಕಾರಣವೆಂದು ವಿಚಾರಿಸಿದಾಗ ತಿಳಿಯಿತು. ಅಗ್ಗವಾದದ್ದು ಹಗುರವೂ ಆಯಿತೆಂದು ಅವನು ತಿಳಿದಿದ್ದನು.

ಎರಡನೆಯ ಸಲ ಮಾತನಾಡಿದಾಗ ನಾವು ಅವನನ್ನು ಕೇಳಿದ ಮೊದಲ ಪ್ರಶ್ನೆ, "ತಮ್ಮಾ, ಮನೆಯಲ್ಲಿ ಯಾರು ಯಾರಿದ್ದೀರಿ?" ಅವನು, ಹೆಂಡತಿ, ಇಬ್ಬರು ಮಕ್ಕಳು, ಎರಡು ವರ್ಷದಿಂದ ಹೆಂಡತಿಯ ತಮ್ಮ. "ಆ ಹುಡುಗ ಯಾವ ವೀಸಾದ ಮೇಲೆ ಬಂದಿದ್ದಾನೆ?" ಎಂದೆವು. ಎಚ್-1ಬಿ ಎಂದನು. ರಜಾದಿನಗಳಲ್ಲಿ ಅವನೂ ಗುರಿ ಹೊಡೆಯಲು ಜೊತೆಗೆ ಬರುತ್ತಾನೆಯೇ ಎಂದು ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಇದು ನಮ್ಮ ಕುಟುಂಬಗಳು ಗಟ್ಟಿಯಾಗಿ ತಿಳಿದಿರಬೇಕಾದ ವಿಷಯ. ಅಲ್ಲಿಯ ಕೇಂದ್ರ ಕಾನೂನಿನಂತೆ, ಎಚ್-1ಬಿ, ವಿದ್ಯಾರ್ಥಿ ವೀಸಾ ಮೊದಲಾದ ತಾತ್ಕಾಲಿಕ ವೀಸಾದ ಮೇಲೆ ಬಂದವನು ಬಂದೂಕನ್ನಾಗಲಿ ಗುಂಡನ್ನಾಗಲಿ ತನ್ನ ಸ್ವಾಧೀನದಲ್ಲಿ ಇಟ್ಟುಕೊಳ್ಳಕೂಡದು. ಇದು ಸೈಲೆನ್ಸರಿಗೆ ಮಾತ್ರವಲ್ಲ, ಸಾಮಾನ್ಯ ಪಿಸ್ತೂಲಿಗೂ ಅನ್ವಯ; ಗುರಿ ಅಭ್ಯಾಸದ ಸ್ಥಳದಲ್ಲಿ ಬಾಡಿಗೆಗೆ ಪಡೆದು ಹಿಡಿಯುವುದಕ್ಕೂ ಅನ್ವಯ. ಕಾನೂನು ಕೊಟ್ಟಿರುವ ಕೆಲವು ವಿನಾಯಿತಿಗಳಲ್ಲಿ ಮುಖ್ಯವಾದುದು, ಅಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿ. ಗ್ರೀನ್ ಕಾರ್ಡ್ ಪಡೆದವನಿಗೆ ಈ ಅಡ್ಡಿಯಿಲ್ಲ. ಆದರೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಎಚ್-1ಬಿ ಮೇಲೆಯೇ ಕಾಯುತ್ತಿರುವವನು ಗ್ರೀನ್ ಕಾರ್ಡ್ ಪಡೆದವನಲ್ಲ, ಮತ್ತು ನಮ್ಮವರಲ್ಲಿ ಹೆಚ್ಚಿನವರು ಈ ಕಾಯುವ ಸಾಲಿನಲ್ಲೇ ಇದ್ದಾರೆ. ಕೊಡಬಾರದವನೆಂದು ತಿಳಿದೂ ಅವನ ಕೈಗೆ ಬಂದೂಕು ಕೊಟ್ಟವನೂ ಅಪರಾಧಿಯೇ. ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಬಂದೂಕಿನ ಕಾನೂನನ್ನು ಮುರಿದನೆಂದು ನ್ಯಾಯಾಲಯದಲ್ಲಿ ಸಿದ್ಧವಾದರೆ, ಗ್ರೀನ್ ಕಾರ್ಡ್ ಇದ್ದವನನ್ನೂ ದೇಶದಿಂದ ಹೊರಗೆ ಕಳಿಸಬಹುದು. ಹದಿನೈದು ವರ್ಷ ದುಡಿದು ಕಟ್ಟಿದ ಮನೆ, ಅಲ್ಲೇ ಹುಟ್ಟಿದ ಮಕ್ಕಳು, ಎಲ್ಲವೂ ಒಂದು ರವಿವಾರದ ವಿನೋದದ ಮೇಲೆ ನಿಂತಂತಾಗುತ್ತದೆ.

ಅರ್ಜಿಯಲ್ಲಿ ಈ ಪೌರತ್ವದ, ವೀಸಾದ ಪ್ರಶ್ನೆಗಳಿವೆ. ಮಾದಕ ವಸ್ತು ಸೇವಿಸುವೆಯಾ, ನ್ಯಾಯಾಲಯ ನಿನ್ನನ್ನು ಮಾನಸಿಕವಾಗಿ ಅಸಮರ್ಥನೆಂದು ಹೇಳಿದೆಯೇ, ಹೆಂಡತಿಯ ಮೇಲೆ ಕೈಮಾಡಿ ಶಿಕ್ಷೆ ಪಡೆದಿರುವೆಯಾ ಎಂಬವೂ ಇವೆ. ಎಲ್ಲಕ್ಕೂ ಹೌದು-ಇಲ್ಲ ಎಂಬ ಚೌಕಗಳು. ಬೆರಳ ತುದಿಯಿಂದ ಒತ್ತುತ್ತ ಹೋದರೆ ಮುಗಿಯಿತು. ಕೊನೆಗೆ, ಸುಳ್ಳು ಬರೆದರೆ ಸುಳ್ಳುಸಾಕ್ಷ್ಯದ ದಂಡನೆಗೆ ಒಳಗಾಗುತ್ತೇನೆಂದು ಒಪ್ಪಿ ಗುಪ್ತ ಸಂಖ್ಯೆಯಿಂದ ಸಹಿ ಮಾಡಬೇಕು. ತರುಣವಯಸ್ಸಿನಲ್ಲಿ ನಾವು ಮಠದಲ್ಲಿದ್ದಾಗ ಸುತ್ತಲ ಹಳ್ಳಿಯವರಿಗೆ ತಾಲೂಕು ಕಚೇರಿಯ ಅರ್ಜಿಗಳನ್ನು ಬರೆದುಕೊಡುವುದಿತ್ತು. ಬರೆದುದನ್ನು ಗಟ್ಟಿಯಾಗಿ ಓದಿ ಹೇಳಿದ ಹೊರತು ಅವರು ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಎರಡು ಪದವಿ ಪಡೆದ ಈ ಹುಡುಗನನ್ನು, ಎಲ್ಲ ಪ್ರಶ್ನೆ ಓದಿದೆಯಾ ಎಂದು ಕೇಳಿದರೆ, "ಹೆಚ್ಚು ಕಡಿಮೆ ಓದೀನ್ರೀ" ಎಂದನು.

ಎರಡನೆಯದು ತಿಜೋರಿಯ ಬೀಗದ ಕೈ. ಅವನು ತನ್ನೊಬ್ಬನ ಹೆಸರಿನಲ್ಲಿ ಅರ್ಜಿ ಹಾಕಿದ್ದನು. ಆಗ ಆ ವಸ್ತು ಅವನೊಬ್ಬನದು, ಮನೆಯದಲ್ಲ. ಅವನು ಪ್ರವಾಸ ಹೋದಾಗ ತಿಜೋರಿಯ ಕೈ ಹೆಂಡತಿಯ ಬಳಿ ಇದ್ದು ವಸ್ತು ಅವಳ ವಶಕ್ಕೆ ಬಂದಿತೆಂದಾದರೆ, ನೋಂದಣಿಯಿಲ್ಲದವಳ ಸ್ವಾಧೀನವೆಂಬ ಪ್ರಶ್ನೆ ಏಳುತ್ತದೆ. ಕಾಯಿದೆಯಂತೆ ಈ ಅಪರಾಧಕ್ಕೆ ಹತ್ತು ವರ್ಷದವರೆಗೆ ಸೆರೆವಾಸವಿದೆ. ಮನೆಯ ಎಲ್ಲ ಕೈಗಳನ್ನೂ ಸೊಸೆಯ ಸೊಂಟಕ್ಕೆ ಕೊಟ್ಟು ನಿಶ್ಚಿಂತರಾಗುವುದು ನಮ್ಮ ರೂಢಿ. ಅಲ್ಲಿ ಈ ಒಂದು ಕೈಗೆ ಆ ರೂಢಿ ಸಲ್ಲದು. ಇದಕ್ಕೆ ಅಲ್ಲಿಯವರು ಕಂಡುಕೊಂಡ ದಾರಿ ಟ್ರಸ್ಟ್. ಮಠಗಳ, ವಿದ್ಯಾಸಂಸ್ಥೆಗಳ ಟ್ರಸ್ಟುಗಳನ್ನು ಕಂಡಿರುವ ನಮ್ಮ ಓದುಗರಿಗೆ ಇದು ಹೊಸದೇನಲ್ಲ. ಗಂಡಹೆಂಡಿರಿಬ್ಬರೂ ವಿಶ್ವಸ್ತರಾಗಿ ಟ್ರಸ್ಟಿನ ಹೆಸರಿನಲ್ಲಿ ಅರ್ಜಿ ಹಾಕಿದರೆ ಇಬ್ಬರೂ ಇಟ್ಟುಕೊಳ್ಳಬಹುದು. ಆದರೆ 2016ರ ನಿಯಮದಂತೆ ಪ್ರತಿಯೊಬ್ಬ ವಿಶ್ವಸ್ತನೂ ಬೇರೆ ಬೇರೆ ಪ್ರಶ್ನಾವಳಿ, ಭಾವಚಿತ್ರ, ಬೆರಳಚ್ಚು ಕೊಡಬೇಕು. ಎಚ್-1ಬಿಯ ಭಾವಮೈದುನನನ್ನು ಪ್ರೀತಿಯಿಂದ ಸೇರಿಸಿಕೊಳ್ಳುವ ಮಾತೇ ಬೇಡ.

ಮೂರನೆಯದು ವರ್ಗಾವಣೆ. ಮಾತಿನ ನಡುವೆ, ಕ್ಯಾಲಿಫೋರ್ನಿಯಾದಿಂದ ಒಳ್ಳೆಯ ಕೆಲಸ ಬಂದಿದೆ, ಬೇಸಿಗೆಯಲ್ಲಿ ಹೋಗಬಹುದು ಎಂದು ಅವನು ಸಂತೋಷದಿಂದ ಹೇಳಿದನು. ಕೇಂದ್ರದ ಒಪ್ಪಿಗೆ ರಾಜ್ಯದ ಕಾನೂನನ್ನು ಮೀರಲಾರದು. ಕ್ಯಾಲಿಫೋರ್ನಿಯಾ, ನ್ಯೂ ಜೆರ್ಸಿ, ನ್ಯೂಯಾರ್ಕ್, ಇಲಿನಾಯ್ ಈ ರಾಜ್ಯಗಳಲ್ಲಿ ಸಾಮಾನ್ಯ ಪ್ರಜೆ ಸೈಲೆನ್ಸರ್ ಇಟ್ಟುಕೊಳ್ಳುವಂತಿಲ್ಲ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ರಾಜ್ಯಗಳೂ ಇವೇ. ಟೆಕ್ಸಾಸಿನಲ್ಲಿ ನಿರ್ದೋಷಿಯಾದವನು ಸಾಮಾನಿನ ಲಾರಿಯೊಡನೆ ಗಡಿ ದಾಟಿದ ಕ್ಷಣ ದೋಷಿಯಾಗುತ್ತಾನೆ. ಮೆಷಿನ್ ಗನ್ನು, ಕಿರುನಳಿಗೆಯ ಬಂದೂಕುಗಳನ್ನಾದರೆ ಅವಕ್ಕೆ ಅನುಮತಿಯಿರುವ ರಾಜ್ಯಕ್ಕೆ ಒಯ್ಯಲೂ ಮುಂಚಿತವಾಗಿ ಎ.ಟಿ.ಎಫ್.ನ ಒಪ್ಪಿಗೆ ಬೇಕು. ಸೈಲೆನ್ಸರಿಗೆ ಆ ಅರ್ಜಿಯಿಲ್ಲ, ಅದಕ್ಕೇ ಜನ ಮೈಮರೆಯುತ್ತಾರೆ. ಬಿಟ್ಟುಹೋಗುವುದಾದರೆ ಹಳೆಯ ರಾಜ್ಯದಲ್ಲಿ ಬ್ಯಾಂಕಿನ ಲಾಕರಿನಲ್ಲೋ, ತನ್ನೊಬ್ಬನ ಬಳಿಯೇ ಕೈಯಿರುವ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇಡಬಹುದೆಂದು ಎ.ಟಿ.ಎಫ್. ಹೇಳುತ್ತದೆ. ಇಲ್ಲವೇ ಮಾರಬೇಕು, ಮಾರಲು ಮತ್ತೆ ಅದೇ ನಮೂನೆ, ಅದೇ ಕಾಯುವಿಕೆ.

ಇಷ್ಟನ್ನೂ ಒಂದು ಸಂಜೆ ನಾವು ಹಿರಿಯರಿಗೆ ವಿವರಿಸಿದೆವು. ಅವರು ಎಲ್ಲವನ್ನೂ ತಲೆದೂಗುತ್ತ ಕೇಳಿ, ಯಾರೂ ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಕೇಳಿದರು. "ಗುರುಗಳೇ, ಕೆಟ್ಟ ಮಾತು ಆಡಬಾರದು. ಆದರ ನಾಳೆ ಅವನಿಗೆ ಏನಾರ ಆದರ, ಆ ವಸ್ತು ಯಾರ ಕೊರಳಿಗೆ ಬೀಳತೈತ್ರೀ?"

ರೈತನಾದವನಿಗೇ ಹೊಳೆಯುವ ಪ್ರಶ್ನೆ. ನೋಂದಣಿಯಾಗಿದ್ದರೆ ತೊಡಕಿಲ್ಲ. ಮೃತನ ಆಸ್ತಿಯನ್ನು ನಿರ್ವಹಿಸುವವನು 5ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ತೆರಿಗೆಯಿಲ್ಲದೆ ನ್ಯಾಯಬದ್ಧ ವಾರಸುದಾರನ ಹೆಸರಿಗೆ ವರ್ಗಾಯಿಸಬಹುದು. ಅಷ್ಟರವರೆಗೆ ತಾನೇ ಜೋಪಾನ ಮಾಡಬೇಕು. ವಾರಸುದಾರನೂ ಬೆರಳಚ್ಚು ಕೊಡಬೇಕು, ಇಟ್ಟುಕೊಳ್ಳಲು ಅರ್ಹನಾಗಿರಬೇಕು. ನೋಂದಣಿಯೇ ಇಲ್ಲದ ವಸ್ತು ತಿಜೋರಿಯಲ್ಲಿ ಸಿಕ್ಕಿದರೆ, ಮೇಲೆ ಹೇಳಿದ 1968ರ 'ಮೊದಲು' ಎಂಬ ಮಾತು ಇಲ್ಲಿ ಅಡ್ಡ ನಿಲ್ಲುತ್ತದೆ. ಅದನ್ನು ಯಾರೂ ತಮ್ಮ ಹೆಸರಿಗೆ ಮಾಡಿಕೊಳ್ಳಲಾರರು, ಎ.ಟಿ.ಎಫ್.ಗೆ ತಿಳಿಸಿ ಒಪ್ಪಿಸಿಬಿಡುವುದೇ ದಾರಿ. ವಿಧವೆಯಾದವಳು ದುಃಖದ ನಡುವೆ ಹುಡುಕಬೇಕಾದದ್ದು ಈ ಒಪ್ಪಿಗೆಯ ಕಾಗದವನ್ನು. ಇದು ತೆರಿಗೆಯ ದಾಖಲೆಯೆಂದು ಎಣಿಸಲ್ಪಡುವುದರಿಂದ ಕಾರ್ಯಾಲಯದವರು ಕೇಳಿದವರಿಗೆಲ್ಲ ವಿವರ ಹೇಳುವುದೂ ಇಲ್ಲ. ನಮ್ಮ ಹುಡುಗನ ಕಾಗದ ಎಲ್ಲಿರುತ್ತದೆಂದು ವಿಚಾರಿಸಿದರೆ, ಅವನ ಗಣಕದಲ್ಲಿ. ಅದರ ಗುಪ್ತಪದ ಅವನಿಗೊಬ್ಬನಿಗೇ ಗೊತ್ತು.

ಹಿರಿಯರು ನಮ್ಮೆದುರಿನಲ್ಲೇ ಮಗನಿಗೆ ಕರೆ ಮಾಡಿದರು. ಬೈಯಲಿಲ್ಲ. "ಆ ಕಾಗದಾ ಬಂದ ಕೂಡಲೆ ಒಂದು ಪ್ರತಿ ತಗದು ಪಾಸ್‌ಪೋರ್ಟಿನ ಸಂಗಾಟ ಇಡು. ಎಲ್ಲಿ ಇಟ್ಟೀ ಅಂತ ಆಕಿಗೆ ಹೇಳು, ನನಗ ಹೇಳಬ್ಯಾಡ. ಭಾವಮೈದುನನ್ನ ಕರಕೊಂಡು ಹೋಗೋದು ಇವತ್ತಿಗೆ ಬಿಡು" ಎಂದರು. ಆ ಕಡೆಯಿಂದ ಬಂದ ಉತ್ತರ ನಮಗೆ ಕೇಳಿಸಲಿಲ್ಲ. ಅವರು ದೂರವಾಣಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, "ಕ್ಯಾಲಿಫೋರ್ನಿಯಾಕ್ಕ ಹೋಗೂದಾದರ ಆ ಸಾಮಾನು ಮಾರೇ ಹೋಗ್ತಾನಂತ್ರೀ" ಎಂದು ಹೇಳಿ, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.